ಇಕ್ಕಟ್ಟಿನ ನುಡಿಗಟ್ಟು: ಚೌಕದಲ್ಲೂ ಹಾಡಿನಲ್ಲೂ

ಇಂಗ್ಲಿಷ್ ಪದಬಂಧದಲ್ಲಿ ‘ತೊಂದರೆಯಲ್ಲಿ’ ಎಂಬರ್ಥದ ಸುಳಿವು, ಎದುರಿಗೆ ಆರು ಖಾಲಿ ಮನೆ. ಪಳಗಿದವರು ಮೊದಲ ಮೂರರಲ್ಲಿ ಐ, ಎನ್, ಎ ಎಂದು ಧೈರ್ಯವಾಗಿ ತುಂಬಿ ಅಲ್ಲಿಗೇ ಪೆನ್ಸಿಲ್ ನಿಲ್ಲಿಸುತ್ತಾರೆ. ಉತ್ತರ ‘ಇನ್ ಎ ಜಾಮ್’ ಇರಬಹುದು, ‘ಇನ್ ಎ ಫಿಕ್ಸ್’ ಕೂಡ ಇರಬಹುದು. ಪದಗಳ ನಡುವೆ ಜಾಗ ಬಿಡದೆ ಬರೆದರೆ ಎರಡಕ್ಕೂ ಆರೇ ಅಕ್ಷರ. ಜೆ ಅಕ್ಷರವೋ ಎಫ್ ಅಕ್ಷರವೋ ಎಂಬುದನ್ನು ಮೇಲಿನಿಂದ ಇಳಿದು ಬರುವ ಪದವೇ ಹೇಳಬೇಕು. ಏಳು ಮನೆಯಾದರೆ ಪೇಚಾಟ ಇನ್ನೂ ಜಾಸ್ತಿ: ‘ಇನ್ ಎ ಬೈಂಡ್’, ‘ಇನ್ ಎ ಸ್ಪಾಟ್’, ‘ಇನ್ ಎ ಹೋಲ್’ ಮೂರೂ ಸರಿಯಾಗಿ ಕೂರುತ್ತವೆ!

ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ, ವಜ್ರಾಕಾರದ ಮೊದಲ ಪದಬಂಧದಲ್ಲಿ ಇಂಥ ನುಡಿಗಟ್ಟುಗಳು ಇರಲಿಲ್ಲ, ಬಿಡಿ ಪದಗಳಷ್ಟೇ. ಇಡೀ ನುಡಿಗಟ್ಟನ್ನೇ ಚೌಕಕ್ಕೆ ಇಳಿಸುವ ರೂಢಿ ಆಮೇಲೆ ಬಂತು. ಮಾತಿನಲ್ಲಿ ಈಗ ಅಪರೂಪವಾಗಿರುವ ‘ಇನ್ ಡಚ್’ (ಇದಕ್ಕೂ ‘ತೊಂದರೆಯಲ್ಲಿ’ ಎಂದೇ ಅರ್ಥ) ಅಮೆರಿಕದ ಪದಬಂಧಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಭಾಷೆಗೆ ಇದು ದೊಡ್ಡ ಉಪಕಾರ.

ಚೌಕದಲ್ಲಿ ಅಕ್ಷರಗಳ ಲೆಕ್ಕವಾಗಿ ಉಳಿಯುವ ಸಂಕಟಕ್ಕೆ ಜೀವ ಬರುವುದು ಹಾಡುಗಾರರ ಕೈಯಲ್ಲಿ. 1977ರಲ್ಲಿ ಲಂಡನ್ನಿನಲ್ಲಿ ಮಾರ್ಕ್ ನಾಫ್ಲರ್ ಮತ್ತು ಗೆಳೆಯರು ಕಟ್ಟಿದ ತಂಡದ ಬಳಿ ಕಾಸಿರಲಿಲ್ಲ. ಆ ದುಃಸ್ಥಿತಿಯನ್ನೇ ಹೆಸರಾಗಿ ಇಟ್ಟುಕೊಂಡರು: ‘ಡೈರ್ ಸ್ಟ್ರೇಟ್ಸ್’. ಸ್ಟ್ರೇಟ್ ಎಂದರೆ ಎರಡು ನೆಲಗಳ ನಡುವಿನ ಕಿರಿದಾದ ಸಮುದ್ರದ ದಾರಿ. ಜೋಡಿಪದಕ್ಕೆ ಕಡುಕಷ್ಟ ಎಂದರ್ಥ. 1985ರ ‘ಬ್ರದರ್ಸ್ ಇನ್ ಆರ್ಮ್ಸ್’ ಆಲ್ಬಮ್ ಕೋಟಿಗಟ್ಟಲೆ ಮಾರಾಟವಾದ ಮೇಲೂ ತಂಡ ಬಡತನದ ಹೆಸರನ್ನು ಬಿಡಲಿಲ್ಲ.

ರೋಲಿಂಗ್ ಸ್ಟೋನ್ಸ್ ತಂಡದ 1989ರ ‘ರಾಕ್ ಅಂಡ್ ಎ ಹಾರ್ಡ್ ಪ್ಲೇಸ್’ ಹಾಡಿನ ಹೆಸರಿನ ಹಿಂದೆಯೂ ಹಣದ ಮುಗ್ಗಟ್ಟೇ ಇದೆ. ಬಂಡೆಗೂ ಗಟ್ಟಿ ನೆಲಕ್ಕೂ ನಡುವೆ ಸಿಕ್ಕುವುದೆಂದರೆ ಮೊದಲು ದಿವಾಳಿಯಾಗುವುದು ಎಂದರ್ಥವಿತ್ತು. ಅರಿಜೋನಾದಲ್ಲಿ ಜನ ಹಾಗೆ ಹೇಳುತ್ತಿದ್ದರೆಂದು ಅಮೆರಿಕದ ಭಾಷಾ ಪತ್ರಿಕೆಯೊಂದು 1921ರಲ್ಲೇ ದಾಖಲಿಸಿತ್ತು. ಎರಡು ಕಷ್ಟಗಳ ನಡುವೆ ಒದ್ದಾಡುವುದು ಎಂಬ ಈಗಿನ ಅರ್ಥಕ್ಕೆ ನಮ್ಮಲ್ಲಿ ‘ಅತ್ತ ದರಿ, ಇತ್ತ ಪುಲಿ’ ಇದೆ.

ಆದರೆ ಕನ್ನಡದ ಪದಬಂಧ ಕಟ್ಟುವವರ ಕಷ್ಟವೇ ಬೇರೆ. ಇಲ್ಲಿ ಒತ್ತಕ್ಷರ, ಕಾಗುಣಿತ ಎಲ್ಲ ಸೇರಿ ಒಂದೇ ಮನೆ. ‘ಇಕ್ಕಟ್ಟು’ ಪದಕ್ಕೆ ಮೂರು ಮನೆ: ಇ, ಕ್ಕ, ಟ್ಟು. ಕೊನೆಯ ಮನೆಯ ಮೂಲಕ ಕೆಳಗಿಳಿಯುವ ಪದದಲ್ಲಿ ಟಕಾರ ಇದ್ದರೆ ಸಾಲದು, ‘ಟ್ಟು’ ಎಂಬುದೇ ಬರಬೇಕು. ಸಿಟ್ಟು, ಪೆಟ್ಟು, ಗುಟ್ಟು ನಡೆದಾವು, ‘ಸಂಕಟ’ ನಡೆಯುವುದಿಲ್ಲ.