ಕೊಟ್ಟಿಗೆ ನೋಡಲು ಬರುವ ಅತಿಥಿಗಳು

ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲ, ಗೋಪಾಲಸ್ವಾಮಿ ಬೆಟ್ಟ, ಬಂಡೀಪುರ ನೋಡಲು ಬರುವವರಲ್ಲಿ ಕೆಲವರು ಹಳ್ಳಿಮನೆಯಲ್ಲಿ ಉಳಿದು, ಹಾಲು ಕರೆಯುವುದನ್ನೂ ನೋಡಬಯಸುತ್ತಾರೆ. ಉತ್ಪಾದಕರಿಗೆ ನಾಲ್ಕು ಕಾಸು ಬರುವುದು ಸಂತೋಷವೇ. ಆದರೆ ಕಾಲುಬಾಯಿ ಜ್ವರದ ವೈರಾಣು ಬೇರೆ ಊರಿನವರ ಚಪ್ಪಲಿ, ಬಟ್ಟೆಗಳ ಮೂಲಕವೂ ಕೊಟ್ಟಿಗೆ ಸೇರಬಲ್ಲದು. ಹಸುವಿನ ಹಾಲು ಇಳಿದರೆ ಅತಿಥಿ ಕೊಟ್ಟ ಹಣ ಆ ನಷ್ಟವನ್ನು ತುಂಬಲಾರದು.

ಆದ್ದರಿಂದ 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ, ಅದರಲ್ಲಿ ನೆನೆಸಿದ ಗೋಣಿಚೀಲವನ್ನು ಕೊಟ್ಟಿಗೆಯ ಬಾಗಿಲಲ್ಲಿ ಹಾಸಿರಿ. ಬಂದವರು ಚಪ್ಪಲಿಯ ಮಣ್ಣು ತೊಳೆದು, ಅದನ್ನು ತುಳಿದು ಒಳಬರಲಿ. ಆರು ತಿಂಗಳಿಗೊಮ್ಮೆ ಹಾಕಿಸುವ ಲಸಿಕೆಯನ್ನು ತಪ್ಪಿಸಬೇಡಿರಿ.

ಅತಿಥಿಗಳು ನೊರೆಹಾಲು ಕೇಳಿದರೂ ಹಸಿಯಾಗಿ ಕೊಡಬೇಡಿರಿ. ಗಬ್ಬದ ಹಸು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲೋಸಿಸ್ ರೋಗ ಹಸಿ ಹಾಲಿನಿಂದ ಮನುಷ್ಯರಿಗೂ ತಗಲುತ್ತದೆ. ಚೆನ್ನಾಗಿ ಕಾಯಿಸಿದ ಹಾಲೇ ಒಳ್ಳೆಯ ಸತ್ಕಾರ.