ನಿಮಗಿದು ಗೊತ್ತೆ? ನಾಯಿ ಆಹಾರ ಚೀಲದಲ್ಲೇ ಇರಲಿ

ಉತ್ತರ ಕರ್ನಾಟಕದ ಹಗೇವುಗಳಲ್ಲಿ, ಅಂದರೆ ನೆಲದೊಳಗಿನ ಧಾನ್ಯದ ಗುಂಡಿಗಳಲ್ಲಿ, ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ಗಾಳಿಯಿಲ್ಲದೆ ಹುಳು ಬದುಕುತ್ತಿರಲಿಲ್ಲ. 20 ಕಿಲೋದ ಒಣ ನಾಯಿ ಆಹಾರದ ಚೀಲಕ್ಕೂ ಗಾಳಿಯೇ ವೈರಿ. ಅದರಲ್ಲಿನ ಕೊಬ್ಬು ಗಾಳಿಗೂ ಬಿಸಿಗೂ ಬೇಗ ಕಮಟು ಹಿಡಿಯುತ್ತದೆ.

ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ ಪ್ರಕಾರ ಈ ಆಹಾರವನ್ನು 27 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದ ಕಡೆ ಇಡಬೇಕು. ಉತ್ತರ ಕರ್ನಾಟಕದ ತಾವರಗೇರಾದಂಥ ಊರಿನ ಏಪ್ರಿಲ್ ಬಿಸಿಲಲ್ಲಿ ಅದೆಲ್ಲಿಯ ಮಾತು! ತಗಡಿನ ಶೆಡ್ ಬಿಟ್ಟು ಒಳಮನೆಯ ಮೂಲೆ ಹುಡುಕುವುದು, ಬೇಸಿಗೆಯಲ್ಲಿ ಸಣ್ಣ ಚೀಲ ತರುವುದೇ ಲೇಸು.

ಡಬ್ಬಿ ಇದ್ದರೂ ಚೀಲದ ಸಮೇತ ಇಡಬೇಕು. ಬರೀ ಸುರಿದರೆ ತಳಕ್ಕಂಟಿದ ಹಳೇ ಜಿಡ್ಡು ಹೊಸದನ್ನೂ ಕೆಡಿಸುತ್ತದೆ. ಚೀಲದ ಮೇಲಿನ ಬ್ಯಾಚ್ ಸಂಖ್ಯೆಯೂ ಕೈಯಲ್ಲಿರಬೇಕು: 2020ರ ಡಿಸೆಂಬರ್‌ನಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷಕ್ಕೆ ಅಮೆರಿಕದಲ್ಲಿ ನಾಯಿಗಳು ಸತ್ತಾಗ, ವಾಪಸ್ ಕೊಡಬೇಕಾದ ಚೀಲ ಯಾವುದೆಂದು ಜನ ಗುರುತಿಸಬೇಕಾದದ್ದು ಅದರಿಂದಲೇ.