ಹಿರೇಮದ್ದಿನ ಡಬ್ಬಿಯೂ ಸಕ್ಕರೆ ಕಾಯಿಲೆಯೂ

ಊರಿಗೆ ಹೋಗಿಬಂದವರ ಪೆಟ್ಟಿಗೆಯಲ್ಲಿ ಚಟ್ನಿಪುಡಿಯ ಪಕ್ಕ ಅಶ್ವಗಂಧದ ಡಬ್ಬಿಯೂ ಇರುತ್ತದೆ. ನಮ್ಮ ಹಿರಿಯರ ಹಿರೇಮದ್ದು.

ಚಿಂತೆ ಹೆಚ್ಚಿದಾಗ ಅಡ್ರಿನಲ್ ಗ್ರಂಥಿಗಳು ಸುರಿಸುವ ಕಾರ್ಟಿಸಾಲ್, ಯಕೃತ್ತಿನಿಂದ ರಕ್ತಕ್ಕೆ ಸಕ್ಕರೆ ಬಿಡಿಸುತ್ತದೆ, ಇನ್ಸುಲಿನ್ನಿನ ಕೆಲಸ ಕೆಡಿಸುತ್ತದೆ. ಈ ಬೇರಿನ ಸಾರ ಕಾರ್ಟಿಸಾಲನ್ನು ಇಳಿಸಿದ್ದು ಕೆಲವು ಪರೀಕ್ಷೆಗಳಲ್ಲಿ ಕಂಡಿದೆ, ನಿಜ. ಆದರೆ ಅವು ಕೆಲವೇ ಜನರ ಮೇಲೆ, ಎರಡು ಮೂರು ತಿಂಗಳು ನಡೆದಂಥವು. ಅಷ್ಟನ್ನೇ ನಂಬಿ ಮಧುಮೇಹದ ಮಾತ್ರೆ ಬಿಡುವಂತಿಲ್ಲ.

ಗಿಡಮೂಲಿಕೆಯನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಮೆಟ್‌ಫಾರ್ಮಿನ್ನಿನ ವಂಶಮೂಲವೂ ಯೂರೋಪಿನ ಗಲೀಗ ಗಿಡವೇ. ಅದರ ಸತ್ವ ವಿಷಕಾರಿ, ಅದರ ನಂಟಿನ ಅಣುವನ್ನು 1957ರಲ್ಲಿ ಫ್ರಾನ್ಸಿನ ವೈದ್ಯ ಝಾಂ ಸ್ಟರ್ನ್ ಮಧುಮೇಹಕ್ಕೆ ಬಳಸಿ ತೋರಿಸಿದರು.

ಡಾಕ್ಟರು ಬೇರೆ ಔಷಧ ಉಂಟೇ ಎಂದರೆ ನಮ್ಮವರು ಇಲ್ಲವೆನ್ನುತ್ತಾರೆ. ಪುಡಿ ಔಷಧವಲ್ಲವಲ್ಲ! ಇನ್ಸುಲಿನ್ನಿನ ಜೊತೆ ಅದೂ ಸೇರಿದರೆ ಸಕ್ಕರೆ ತೀರ ಇಳಿಯಬಹುದು; ಯಕೃತ್ತಿಗೆ ಪೆಟ್ಟಾದ ಉದಾಹರಣೆಗಳೂ ಇವೆ. ಡಬ್ಬಿಯನ್ನೇ ಒಯ್ದು ತೋರಿಸಿ.